ಇಡೀ ಫೋಟೋಗೆ ಸಾಣೆ ಹಿಡಿದು ಕೆಡಿಸಿಕೊಂಡೆ: ಬೇಕಾದಷ್ಟೇ ಜಾಗವನ್ನು ಶಾರ್ಪ್ ಮಾಡುವುದು ಹೇಗೆ?

ಜಗಲಿಕಟ್ಟೆ (ಮಲ್ಲೇಶ್ವರ), ಶನಿವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಅಜ್ಜಿಗೆ 90 ತುಂಬುತ್ತದೆ. ಅವರದೊಂದು ಫೋಟೋವನ್ನು 12x18 ಇಂಚಿಗೆ ಪ್ರಿಂಟ್ ಮಾಡಿಸಿ, ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಬೇಕೆಂದು ಮನೆಯವರೆಲ್ಲ ತೀರ್ಮಾನಿಸಿ, ಆ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಫೋಟೋ ಹೀಗಿದೆ. ನಮ್ಮ ಹಳೆಯ ಮನೆಯ ಜಗಲಿ, ಸಂಜೆ ಐದರ ಬೆಳಕು ಎಡದಿಂದ ಬೀಳುತ್ತಿದೆ. ಅಜ್ಜಿ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದಾರೆ. ಮೊರದ ತುಂಬ ಮೊಗ್ಗು, ಪಕ್ಕದ ಬಟ್ಟಲಿನಲ್ಲಿ ನೆನೆಹಾಕಿದ ಬಾಳೆನಾರು, ಹಿಂದೆ ಸುಣ್ಣದ ಗೋಡೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, 50 ಎಂಎಂ ಲೆನ್ಸ್, ಎಫ್ 2 (ಲೆನ್ಸಿನ ಬಾಯಿ ಅಗಲವಾಗಿ ತೆರೆದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600. ಸ್ವಲ್ಪ ಮಸುಕಾಗಿ ಕಂಡಿತೆಂದು ಜಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಶಾರ್ಪನ್ ಎಂಬುದನ್ನು ಧಾರಾಳವಾಗಿ ಎಳೆದೆ. ಮೊಗ್ಗುಗಳೇನೋ ಚೆನ್ನಾಗಿಯೇ ಎದ್ದು ಬಂದವು. ಆದರೆ ಅಜ್ಜಿಯ ಕೆನ್ನೆ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತು, ಗೋಡೆಯ ಮೇಲೆ ರವೆ ಚೆಲ್ಲಿದಂತಾಯಿತು, ಬಿಳಿ ಕೂದಲಿನ ಸುತ್ತ ದೇವರ ಪಟದಲ್ಲಿರುವಂಥ ಪ್ರಭಾವಳಿ ಬಂತು. ತಂಗಿ ನೋಡಿದವಳೇ "ಇದನ್ನು ಮಾತ್ರ ಅಜ್ಜಿಗೆ ತೋರಿಸಬೇಡ" ಎಂದಳು.

ಮೊಗ್ಗು, ಬೆರಳು, ಕಣ್ಣು ಇಷ್ಟು ಮಾತ್ರ ಶಾರ್ಪ್ ಆಗಬೇಕು. ಉಳಿದದ್ದು ಇದ್ದ ಹಾಗೆ ಇರಬೇಕು. ದಾರಿ ಇದೆಯೇ? ತಿಂಗಳು ತಿಂಗಳೂ ಹಣ ಕಟ್ಟುವ ಸಾಫ್ಟ್‌ವೇರ್ ಬೇಡ.

ಮೊಬೈಲ್ ಸಾಕು (ಯಶವಂತಪುರ), ಶನಿವಾರ ರಾತ್ರಿ 10:58

ಇಷ್ಟಕ್ಕೆ ಕಂಪ್ಯೂಟರ್ ಏಕೆ? ಸ್ನ್ಯಾಪ್‌ಸೀಡ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಡೀಟೇಲ್ಸ್ ತೆರೆದು ಶಾರ್ಪನಿಂಗ್ ಏರಿಸಿ. ಆಮೇಲೆ ಮಾಡಿದ ಬದಲಾವಣೆಗಳ ಪಟ್ಟಿಗೆ ಹೋಗಿ, ಆ ಹಂತದ ಬ್ರಷ್ ಆರಿಸಿಕೊಂಡು ಬೇಕಾದ ಕಡೆ ಬೆರಳಿನಿಂದ ಬಳಿಯಿರಿ. ಬಸ್ಸಿನಲ್ಲಿ ಕುಳಿತೇ ಮುಗಿಸಬಹುದು.

ಕತ್ತಲಕೋಣೆ (ಬಸವನಗುಡಿ), ಭಾನುವಾರ ಬೆಳಿಗ್ಗೆ 6:15

ಜಗಲಿಕಟ್ಟೆಯವರೇ, ಸಾಣೆ ಹಿಡಿಯುವವನು ಚಾಕುವಿನ ಅಲಗಿಗೆ ಸಾಣೆ ಹಿಡಿಯುತ್ತಾನೆಯೇ ಹೊರತು ಹಿಡಿಕೆಗಲ್ಲ. ನೀವು ಹಿಡಿಕೆಯನ್ನೂ ಬಿಟ್ಟಿಲ್ಲ.

ನಾನು ಫಿಲ್ಮ್ ಕಾಲದವನು, ಸ್ಟುಡಿಯೋದ ಕೆಂಪು ದೀಪದಡಿ ಅರ್ಧ ಆಯುಷ್ಯ ಕಳೆದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ನೀವು ಎಳೆದ ಉಪಕರಣದ ಪೂರ್ತಿ ಹೆಸರು ಅನ್‌ಶಾರ್ಪ್ ಮಾಸ್ಕ್. ಶಾರ್ಪ್ ಮಾಡುವುದಕ್ಕೆ ಅನ್‌ಶಾರ್ಪ್ ಎಂದು ಹೆಸರಿಟ್ಟದ್ದೇಕೆ ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಇದು ಕಂಪ್ಯೂಟರ್ ಹುಟ್ಟಿಸಿದ ಉಪಾಯವಲ್ಲ. 1930ರ ದಶಕದಲ್ಲಿ ಜರ್ಮನಿಯವರು ಡಾರ್ಕ್‌ರೂಮಿನಲ್ಲಿ ಮಾಡುತ್ತಿದ್ದ ಕೆಲಸ. ನೆಗೆಟಿವ್‌ನಿಂದ ಬೇಕೆಂದೇ ಮಸುಕಾದ, ತೆಳುವಾದ ಒಂದು ಪಾಸಿಟಿವ್ ತೆಗೆಯುವುದು. ಎರಡನ್ನೂ ಒಂದರ ಮೇಲೊಂದು ಕೂರಿಸಿ ಪ್ರಿಂಟ್ ಮಾಡುವುದು. ಬಯಲಾಗಿರುವ ಜಾಗಗಳಲ್ಲಿ ಒಂದು ಇನ್ನೊಂದನ್ನು ಅಷ್ಟಿಷ್ಟು ಅಳಿಸಿಹಾಕುತ್ತದೆ. ಅಂಚು ಬಂದಲ್ಲಿ ಮಾತ್ರ, ಒಂದು ಸ್ಪಷ್ಟ ಮತ್ತೊಂದು ಮಸುಕಾದ್ದರಿಂದ, ಲೆಕ್ಕ ಸರಿಹೋಗದೆ ಒಂದಿಷ್ಟು ಬಾಕಿ ಉಳಿಯುತ್ತದೆ. ಆ ಬಾಕಿಯೇ ಅಂಚನ್ನು ಎತ್ತಿ ತೋರಿಸುವುದು. ಜಿಂಪ್ ಅಂಕಿಗಳಲ್ಲಿ ಮಾಡುವುದೂ ಅದನ್ನೇ. ಚಿತ್ರದಿಂದ ಅದರ ಮಸುಕು ಪ್ರತಿಯನ್ನು ಕಳೆದು, ಉಳಿದದ್ದನ್ನು ಮತ್ತೆ ಚಿತ್ರಕ್ಕೇ ಕೂಡುತ್ತದೆ. ಅಂಚಿನ ಕಪ್ಪು ಬದಿ ಇನ್ನಷ್ಟು ಕಪ್ಪು, ಬಿಳಿ ಬದಿ ಇನ್ನಷ್ಟು ಬಿಳಿ. ಹೊಸ ವಿವರ ಎಳ್ಳಷ್ಟೂ ಹುಟ್ಟುವುದಿಲ್ಲ.

ಈಗ ನಿಮ್ಮ ದೂರುಗಳಿಗೆ ಬನ್ನಿ. ಅಜ್ಜಿ ಯಾರು, ಗೋಡೆ ಯಾವುದು ಎಂದು ಆ ಉಪಕರಣಕ್ಕೆ ಗೊತ್ತಿಲ್ಲ. ಸುಕ್ಕೂ ಅದರ ಕಣ್ಣಿಗೆ ಅಂಚೇ, ಐಎಸ್‌ಒ 1600ರ ನಾಯ್ಸ್, ಅಂದರೆ ಕಡಿಮೆ ಬೆಳಕಿನಲ್ಲಿ ಏಳುವ ಆ ರವೆ ಕೂಡ ಅಂಚೇ. ಪ್ರಭಾವಳಿ ಬಂದದ್ದು ರೇಡಿಯಸ್ ದೊಡ್ಡದಾಗಿದ್ದರಿಂದ. ಜಿಂಪ್ ತಾನಾಗಿ ಕೊಡುವುದು 3. ಅಷ್ಟು ಪಿಕ್ಸೆಲ್ ದೂರದವರೆಗೂ ಅಂಚಿನ ಬಿಳಿ ಚೆಲ್ಲಿಕೊಳ್ಳುತ್ತದೆ. ಕೂದಲಿಗೆ, ದಾರಕ್ಕೆ 1 ಸಾಕು.

ಪದರುಪದರು (ಜಯನಗರ), ಭಾನುವಾರ ಬೆಳಿಗ್ಗೆ 9:30

ಏಕೆ ಎಂಬುದನ್ನು ಕತ್ತಲಕೋಣೆಯವರು ಹೇಳಿಯಾಯಿತು, ಹೇಗೆ ಎಂಬುದನ್ನು ನಾನು ಹೇಳುತ್ತೇನೆ.

ಮೊದಲಿನ ಕೆಟ್ಟ ಫೈಲನ್ನು ಮರೆತುಬಿಡಿ, ಮೂಲ ಫೋಟೋ ತೆರೆಯಿರಿ. ಶಿಫ್ಟ್, ಕಂಟ್ರೋಲ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಲೇಯರಿನ, ಅಂದರೆ ಚಿತ್ರದ ಪದರದ, ಇನ್ನೊಂದು ಪ್ರತಿ ಮೇಲೆ ಬರುತ್ತದೆ. ಆ ಮೇಲಿನ ಪ್ರತಿಗೆ ಮಾತ್ರ ಅನ್‌ಶಾರ್ಪ್ ಮಾಸ್ಕ್ ಕೊಡಿ: ರೇಡಿಯಸ್ 1ರ ಆಸುಪಾಸು, ಅಮೌಂಟ್ (ಎಷ್ಟು ಜೋರು ಎಂಬುದು) 1. ಮೊಗ್ಗನ್ನು ಮಾತ್ರ ನೋಡುತ್ತಾ ಹೊಂದಿಸಿ, ಮುಖದ ಗೋಳು ಈಗ ಬೇಡ. ನಂತರ ಲೇಯರ್ ಮೆನುವಿನಿಂದ ಅದಕ್ಕೊಂದು ಲೇಯರ್ ಮಾಸ್ಕ್ ಸೇರಿಸಿ. ಯಾವ ಬಣ್ಣದ್ದು ಎಂದು ಕೇಳಿದಾಗ ಕಪ್ಪು ಎನ್ನಿ. ಮಾಡಿದ್ದೆಲ್ಲ ಮಾಯವಾದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಶಾರ್ಪ್ ಆದ ಪ್ರತಿಯ ಮೇಲೆ ಕಪ್ಪು ಕಂಬಳಿ ಹೊದಿಸಿದ್ದೀರಿ, ಅಷ್ಟೇ. ಈಗ ಅಂಚು ಮೆತ್ತಗಿರುವ ಬ್ರಷ್ ತೆಗೆದುಕೊಂಡು, ಬಿಳಿ ಬಣ್ಣದಲ್ಲಿ, ಒಪಾಸಿಟಿ (ಬಣ್ಣದ ಗಟ್ಟಿತನ) 30ಕ್ಕೆ ಇಳಿಸಿ, ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಕಂಬಳಿ ಸರಿಸುತ್ತಾ ಹೋಗಿ. ಒಂದು ಸಲ ಬಳಿದರೆ ಸ್ವಲ್ಪ, ಮತ್ತೆ ಬಳಿದರೆ ಇನ್ನೂ ಸ್ವಲ್ಪ. ಗೆರೆ ದಾಟಿದರೆ ಎಕ್ಸ್ ಒತ್ತಿ. ಬ್ರಷ್ ಕಪ್ಪಾಗುತ್ತದೆ, ಬಳಿದು ಮುಚ್ಚಿ.

ಮುಖ್ಯವಾದ ಮಾತು: ಒಪಾಸಿಟಿ 100 ಇಟ್ಟು ಬಳಿಯಬೇಡಿ. ಬೆರಳು ಶಾರ್ಪ್, ಮಣಿಕಟ್ಟು ಮಸುಕು, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಬಳೆಯ ಹತ್ತಿರ ಬರುತ್ತಾ ಬರುತ್ತಾ ತೆಳುವಾಗಬೇಕು, ರಂಗೋಲಿಯ ಬಣ್ಣ ಬೆರೆಸುವ ಹಾಗೆ.

ಜಗಲಿಕಟ್ಟೆ, ಭಾನುವಾರ ಬೆಳಿಗ್ಗೆ 11:05

ಪದರುಪದರು ಸರ್, ತುಂಬ ಧನ್ಯವಾದ. ಅಕ್ಷರಶಃ ಹೇಳಿದಂತೆಯೇ ಮಾಡಿದೆ. ಅಜ್ಜಿಯ ಬೆರಳುಗಳಿಗೆ ಸುಣ್ಣ ಬಳಿದಂತಾಗಿದೆ. ನಿಜವಾಗಿಯೂ ಬಿಳಿ ಬಣ್ಣವೇ ಮೆತ್ತಿಕೊಂಡಿದೆ. ಎಲ್ಲಿ ತಪ್ಪಿದೆ?

ಪದರುಪದರು, ಭಾನುವಾರ ಬೆಳಿಗ್ಗೆ 11:20

ಮೊದಲನೆಯದಾಗಿ, ಸರ್ ಅಲ್ಲ, ಮೇಡಂ.

ಎರಡನೆಯದಾಗಿ, ಎಲ್ಲರೂ ಒಮ್ಮೆ ಎಡವುವ ಕಲ್ಲು ಇದೇ. ಲೇಯರ್ ಪಟ್ಟಿಯಲ್ಲಿ ಅಕ್ಕಪಕ್ಕ ಎರಡು ಪುಟ್ಟ ಚಿತ್ರಗಳಿವೆ: ಎಡಕ್ಕೆ ಫೋಟೋ, ಬಲಕ್ಕೆ ಕಪ್ಪು ಚೌಕ. ನೀವು ಫೋಟೋವನ್ನು ಆರಿಸಿಕೊಂಡು ಬಳಿದಿದ್ದೀರಿ. ಕಪ್ಪು ಚೌಕದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಅದರ ಸುತ್ತ ಬಿಳಿ ಗೆರೆ ಮೂಡಿದ್ದನ್ನು ನೋಡಿಕೊಂಡು ಶುರು ಮಾಡಿ. ಆಲ್ಟ್ ಒತ್ತಿ ಅದೇ ಚೌಕವನ್ನು ಕ್ಲಿಕ್ ಮಾಡಿದರೆ ಮಾಸ್ಕ್ ಒಂದೇ ದೊಡ್ಡದಾಗಿ ಕಾಣುತ್ತದೆ. ಎಲ್ಲಿ ಬಳಿದಿದ್ದೀರಿ, ಎಲ್ಲಿ ಬಿಟ್ಟುಹೋಗಿದೆ, ಗೋಡೆಗೆ ಎಷ್ಟು ಚೆಲ್ಲಿದೆ, ಎಲ್ಲ ಅಲ್ಲಿ ಬಯಲು.

ಹೆಬ್ಬಾಳದ ಹೆಜ್ಜಾರ್ಲೆ (ಹೆಬ್ಬಾಳ), ಭಾನುವಾರ ಮಧ್ಯಾಹ್ನ 1:10

ನಾನು ಹಕ್ಕಿಗಳ ಹಿಂದೆ ಅಲೆಯುವವನು. ಕೆರೆಯ ದಂಡೆಯಲ್ಲಿ ಮುಂಜಾನೆಯ ಬೆಳಕಿಗೆ ಐಎಸ್‌ಒ 3200ಕ್ಕಿಂತ ಕಡಿಮೆಯಲ್ಲಿ ಕೆಲಸ ಆಗುವುದೇ ಇಲ್ಲ. ಅದರಿಂದ ಕಲಿತದ್ದು ಇದು: ಮೊದಲು ನಾಯ್ಸ್ ತೆಗೆಯಬೇಕು, ಆಮೇಲೆ ಶಾರ್ಪ್ ಮಾಡಬೇಕು. ತಿರುಗಾಮುರುಗಾ ಮಾಡಿದರೆ ನಾಯ್ಸ್‌ಗೇ ಸಾಣೆ ಹಿಡಿದು ಆಮೇಲೆ ಅದನ್ನು ಕೀಳಲು ಪರದಾಡಬೇಕು. ಹೆಜ್ಜಾರ್ಲೆಯ ಚಿತ್ರದಲ್ಲಿ ನನ್ನ ಬ್ರಷ್ ಹೋಗುವುದು ಕಣ್ಣು, ಕೊಕ್ಕಿನ ಬುಡ, ಕುತ್ತಿಗೆಯ ಹಿಂಬದಿಯ ಪುಕ್ಕ, ಇಷ್ಟಕ್ಕೇ. ನೀರಿಗೆ ಒಂದು ಹನಿಯೂ ತಾಗಿಸುವುದಿಲ್ಲ.

ನಾನು ಅನ್‌ಶಾರ್ಪ್ ಮಾಸ್ಕ್ ಬಿಟ್ಟು ಬಹಳ ದಿನವಾಯಿತು. ಹೈ ಪಾಸ್ ಬಳಸಿ ನೋಡಿ. ಮೇಲಿನ ಪ್ರತಿಗೆ ಹೈ ಪಾಸ್ ಕೊಟ್ಟರೆ ಚಿತ್ರವೆಲ್ಲ ಬೂದಿ ಬಣ್ಣವಾಗಿ, ಅಂಚುಗಳು ಮಾತ್ರ ಗೀಚಿದಂತೆ ಉಳಿಯುತ್ತವೆ. ಲೇಯರ್ ಮೋಡನ್ನು (ಮೇಲಿನ ಪದರ ಕೆಳಗಿನದರೊಂದಿಗೆ ಬೆರೆಯುವ ಬಗೆಯನ್ನು) ಓವರ್‌ಲೇ ಅಥವಾ ಸಾಫ್ಟ್ ಲೈಟ್‌ಗೆ ಬದಲಿಸಿದ ಕೂಡಲೇ ಬೂದಿ ಮಾಯವಾಗಿ ಅಂಚು ನಿಲ್ಲುತ್ತದೆ. ಮಾಸ್ಕ್ ಹಾಕುವುದು ಅದೇ ರೀತಿ. ಇದರ ಅನುಕೂಲವೆಂದರೆ ಏನನ್ನು ಶಾರ್ಪ್ ಮಾಡುತ್ತಿದ್ದೀರಿ ಎಂಬುದು ಬೂದಿಯ ಮೇಲೆ ಮೊದಲೇ ಕಣ್ಣಿಗೆ ಕಾಣುತ್ತದೆ. ಸುಕ್ಕು ಅಲ್ಲಿ ಎದ್ದು ಕಂಡರೆ ರೇಡಿಯಸ್ ಇಳಿಸಿ. ಬೂದಿಯಲ್ಲಿ ಬಣ್ಣದ ಸುಳಿವು ಉಳಿದಿದ್ದರೆ ಆ ಪದರದ ಬಣ್ಣವನ್ನು ಪೂರ್ತಿ ತೆಗೆದುಬಿಡಿ, ಇಲ್ಲದಿದ್ದರೆ ಸೀರೆಯ ಜರಿ ಅಂಚಿನಲ್ಲಿ ಬಣ್ಣದ ಗೆರೆ ಏಳುತ್ತದೆ.

ಕತ್ತಲಕೋಣೆ, ಭಾನುವಾರ ಮಧ್ಯಾಹ್ನ 2:45

ಹೆಜ್ಜಾರ್ಲೆಯವರೇ, ಹೈ ಪಾಸ್ ಎಂದರೆ ನಾನು ಬೆಳಿಗ್ಗೆ ಹೇಳಿದ ಆ 'ಬಾಕಿ'ಯೇ. ಚಿತ್ರದಿಂದ ಮಸುಕು ಕಳೆದರೆ ಉಳಿಯುವುದು. ನೀವು ಅದನ್ನು ಬೇರೆ ತಟ್ಟೆಯಲ್ಲಿ ಬಡಿಸಿಕೊಂಡು ಉಣ್ಣುತ್ತಿದ್ದೀರಿ, ನಾವು ಕಲಸಿಕೊಂಡು ಉಣ್ಣುತ್ತೇವೆ. ಅನ್ನ ಅದೇ.

ಹೆಬ್ಬಾಳದ ಹೆಜ್ಜಾರ್ಲೆ, ಭಾನುವಾರ ಮಧ್ಯಾಹ್ನ 2:52

ಒಪ್ಪಿದೆ. ಆದರೂ ಬೇರೆ ತಟ್ಟೆಯಲ್ಲಿದ್ದರೆ ಕಲ್ಲು ಆರಿಸುವುದು ಸುಲಭ!

ಜಗಲಿಕಟ್ಟೆ, ಭಾನುವಾರ ರಾತ್ರಿ 9:18

ಕ್ಷಮಿಸಿ ಮೇಡಂ. ಇಡೀ ಮಧ್ಯಾಹ್ನ ಇದರ ಮೇಲೆಯೇ ಕುಳಿತಿದ್ದೆ. ಊಟಕ್ಕೆ ಕರೆದು ಕರೆದು ಅಮ್ಮ ಸುಮ್ಮನಾದರು.

ಮೊಗ್ಗು ಮತ್ತು ಬೆರಳು ಅದ್ಭುತವಾಗಿ ಬಂದಿವೆ. ಬಲಗೈ ಹೆಬ್ಬೆರಳಿನ ಉಗುರಿನ ಬಳಿ ನಾರು ಸುತ್ತಿಕೊಂಡಿರುವುದು, ಆ ನಾರಿನ ಮೇಲೆ ನೀರಿನ ಹೊಳಪು, ಮೊಗ್ಗಿನ ತೊಟ್ಟಿನ ಹಸಿರು, ಎಲ್ಲ ಎಣಿಸುವ ಹಾಗಿದೆ. ಗೋಡೆ ಗೋಡೆಯಾಗಿಯೇ ಇದೆ, ಕೆನ್ನೆ ಕೆನ್ನೆಯಾಗಿಯೇ ಇದೆ.

ಆದರೆ ಕಣ್ಣು ಮಾತ್ರ ಏನು ಮಾಡಿದರೂ ಏಳುತ್ತಿಲ್ಲ. ಮಾಸ್ಕ್ ಪೂರ್ತಿ ಬಿಳಿ ಮಾಡಿದೆ, ಅಮೌಂಟ್ 3ಕ್ಕೆ ಏರಿಸಿದೆ. ಕನ್ನಡಕದ ಫ್ರೇಮ್ ಮುಳ್ಳುಮುಳ್ಳಾಯಿತೇ ಹೊರತು ಕಣ್ಣು ಮಸುಕೇ.

ಕತ್ತಲಕೋಣೆ, ಸೋಮವಾರ ಬೆಳಿಗ್ಗೆ 6:05

ಎಷ್ಟು ದೂರದಿಂದ ತೆಗೆದಿರಿ? ಕ್ಯಾಮೆರಾ ಫುಲ್ ಫ್ರೇಮ್ ತಾನೇ, ಅಂದರೆ ಸೆನ್ಸರ್ 35 ಎಂಎಂ ಫಿಲ್ಮಿನಷ್ಟೇ ದೊಡ್ಡದು?

ಜಗಲಿಕಟ್ಟೆ, ಸೋಮವಾರ ಬೆಳಿಗ್ಗೆ 8:40

ಹೌದು, ಫುಲ್ ಫ್ರೇಮ್. ಸುಮಾರು ನಾಲ್ಕು ಅಡಿ ಇರಬಹುದು. ಜಗಲಿಯ ಮೆಟ್ಟಿಲ ಮೇಲೆ ಕುಳಿತು ತೆಗೆದೆ.

ಕತ್ತಲಕೋಣೆ, ಸೋಮವಾರ ಬೆಳಿಗ್ಗೆ 9:00

ಹಾಗಾದರೆ ಗುಟ್ಟು ರಟ್ಟಾಯಿತು. 50 ಎಂಎಂ, ಎಫ್ 2, ನಾಲ್ಕು ಅಡಿ: ಫೋಕಸ್ ಹಿಡಿಯುವ ಆಳ ಹೆಚ್ಚೆಂದರೆ 7 ಸೆಂಟಿಮೀಟರ್. ಅಜ್ಜಿ ಬಗ್ಗಿ ಹೂ ಕಟ್ಟುತ್ತಿದ್ದರೂ ಬೆರಳಿಗೂ ಕಣ್ಣಿಗೂ ಒಂದು ಗೇಣಾದರೂ ಅಂತರ ಇರುತ್ತದೆ. ನಿಮ್ಮ ಫೋಕಸ್ ಕೈಯ ಮೇಲೆ ಕುಳಿತಿದೆ, ಕಣ್ಣು ಹಿಂದೆ ಉಳಿದಿದೆ. ಬಾವಿಯಲ್ಲಿ ಇಲ್ಲದ ನೀರು ಕೊಡದಲ್ಲಿ ಎಲ್ಲಿಂದ ಬರಬೇಕು?

ಫೋಕಸ್ ಸರಿಯಾಗಿದ್ದೂ ಸ್ವಲ್ಪ ಮೆತ್ತಗಿರುವ ಫೋಟೋಗೆ ಮಾತ್ರ ಈ ಸಾಣೆ ಕೆಲಸ ಮಾಡುತ್ತದೆ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನೇ ಅಳೆದು, ಉಳಿದೆರಡನ್ನು ಅಕ್ಕಪಕ್ಕದವರಿಂದ ಅಂದಾಜು ಮಾಡಿ ತುಂಬಿಕೊಳ್ಳುತ್ತದೆ. ಅದರಿಂದ ಬರುವ ಮೆತ್ತಗನ್ನು ಸರಿಪಡಿಸಬಹುದು. ಫೋಕಸ್ ತಪ್ಪಿದ್ದು, ಕೈ ನಡುಗಿದ್ದು ಬೇರೆಯೇ ಕಾಯಿಲೆ.

ತಾರಾಪಥ (ಯಲಹಂಕ), ಸೋಮವಾರ ಬೆಳಿಗ್ಗೆ 10:30

ಪೂರ್ತಿ ಅಸಾಧ್ಯವೇನಲ್ಲ, ಒಂದು ಸಣ್ಣ ತಿದ್ದುಪಡಿ. 1990ರಲ್ಲಿ ಹಬಲ್ ದೂರದರ್ಶಕ ಮೇಲೆ ಹೋದಾಗ ಅದರ ಕನ್ನಡಿ ತಪ್ಪು ಆಕಾರದಲ್ಲಿತ್ತು. 1993ರ ಕೊನೆಯಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೆ ವಿಜ್ಞಾನಿಗಳು ಮಸುಕು ಚಿತ್ರಗಳನ್ನು ಲೆಕ್ಕ ಹಾಕಿಯೇ ತಿಳಿಗೊಳಿಸುತ್ತಿದ್ದರು. ಡೀಕಾನ್ವಲ್ಯೂಶನ್ ಎನ್ನುತ್ತಾರೆ. ರಾ-ಥೆರಪಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದೇ ಜಾತಿಯ ರಿಚರ್ಡ್‌ಸನ್-ಲ್ಯೂಸಿ ವಿಧಾನ ಇದೆ. ಆದರೆ ಅಲ್ಲಿ ನಕ್ಷತ್ರವೆಂಬುದು ಒಂದು ಚುಕ್ಕೆ, ಆ ಚುಕ್ಕೆ ಹೇಗೆ ಹರಡಿಕೊಂಡಿತು ಎಂಬುದು ನಿಖರವಾಗಿ ಗೊತ್ತಿತ್ತು. ನಿಮ್ಮ ಅಜ್ಜಿಯ ಕಣ್ಣಿನ ಮಸುಕಿಗೆ ಅಂಥ ಲೆಕ್ಕ ಇಲ್ಲ. ಪ್ರಯತ್ನಿಸಿ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಮೊಬೈಲ್ ಸಾಕು, ಸೋಮವಾರ ಮಧ್ಯಾಹ್ನ 12:15

ಯಾವ ಕಾಲದಲ್ಲಿದ್ದೀರಿ ಎಲ್ಲರೂ? ಈಗ ಎಐ ಆ್ಯಪ್‌ಗಳಿವೆ. ಒಂದು ಗುಂಡಿ ಒತ್ತಿದರೆ ಕಣ್ಣಿನ ರೆಪ್ಪೆ ರೆಪ್ಪೆಯೂ ಬರುತ್ತದೆ.

ಜಗಲಿಕಟ್ಟೆ, ಸೋಮವಾರ ರಾತ್ರಿ 10:02

ಅದನ್ನೂ ಮಾಡಿ ನೋಡಿದೆ. ಹೆಸರು ಹೇಳುವುದಿಲ್ಲ. ರೆಪ್ಪೆ ಬಂತು, ಕಣ್ಣಿನ ಹೊಳಪು ಬಂತು. ಮೊದಲ ನೋಟಕ್ಕೆ ಬೆರಗಾದೆ. ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ "ಇದು ಯಾರೋ" ಎಂದರು. ಆಮೇಲೆ ಗಮನಿಸಿದರೆ ಎಡ ಹುಬ್ಬಿನ ಕೆಳಗಿನ ಮಚ್ಚೆಯೇ ಇಲ್ಲ! ನಾಯ್ಸ್ ಎಂದುಕೊಂಡು ಅಳಿಸಿದೆಯೋ ಏನೋ. ರೆಪ್ಪೆಗಳು ಅಜ್ಜಿಯವಲ್ಲ, ಆ ವಯಸ್ಸಿನಲ್ಲಿ ಅಷ್ಟು ದಟ್ಟ ರೆಪ್ಪೆ ಯಾರಿಗಿರುತ್ತದೆ? ಅಳಿಸಿಹಾಕಿದೆ.

ಹೆಬ್ಬಾಳದ ಹೆಜ್ಜಾರ್ಲೆ, ಸೋಮವಾರ ರಾತ್ರಿ 10:25

ಒಳ್ಳೆಯದಾಯಿತು. ನಮ್ಮ ನೇಚರ್ ವಿಭಾಗದ ಸ್ಪರ್ಧೆಗಳಲ್ಲಿ ಇದ್ದ ಪುಕ್ಕಕ್ಕೆ ಸಾಣೆ ಹಿಡಿಯಬಹುದು, ಇಲ್ಲದ ಪುಕ್ಕವನ್ನು ತಂದು ಅಂಟಿಸುವಂತಿಲ್ಲ. ಮನೆಯ ಗೋಡೆಯ ಫೋಟೋಗೆ ತೀರ್ಪುಗಾರರಿಲ್ಲ ನಿಜ. ಆದರೆ ನಿಮ್ಮ ಅಮ್ಮ ಇದ್ದಾರಲ್ಲ.

ಪದರುಪದರು, ಮಂಗಳವಾರ ಬೆಳಿಗ್ಗೆ 7:50

ಒಂದು ಮಾತು ಹೇಳಲೇ? ನೀವು ಹಾಕಿದ ಚಿತ್ರವನ್ನು ನಿನ್ನೆಯಿಂದ ನಾಲ್ಕೈದು ಸಲ ನೋಡಿದೆ. ಪ್ರತಿ ಸಲವೂ ನನ್ನ ಕಣ್ಣು ಮೊದಲು ಹೋಗಿದ್ದು ಕೈಗೆ. ಬೆಳಕೂ ಅಲ್ಲಿಯೇ ಬಿದ್ದಿದೆ, ಫೋಕಸ್ಸೂ ಅಲ್ಲಿಯೇ ಇದೆ. ಅಜ್ಜಿ ಸ್ವತಃ ನೋಡುತ್ತಿರುವುದೂ ಅಲ್ಲಿಗೇ. ಕಣ್ಣನ್ನು ಎಬ್ಬಿಸಲು ಹೋಗಿ ನೀವು ಚಿತ್ರದ ಜೊತೆ ಜಗಳವಾಡುತ್ತಿದ್ದೀರಿ. ಇದು ಹೂ ಕಟ್ಟುವ ಕೈಗಳ ಚಿತ್ರ, ಮುಖ ಅದರ ಹಿಂದೆ ಮೆತ್ತಗೆ ನಿಂತಿದೆ. ಹಾಗೆಯೇ ಬಿಡಿ.

ಮುಖ ಪೂರ್ತಿ ಕರಗಿಹೋದಂತೆ ಕಾಣುತ್ತದೆ ಎಂಬ ಅಳುಕಿದ್ದರೆ ಒಂದು ಸಣ್ಣ ಉಪಾಯ: ಕನ್ನಡಕದ ಮೇಲಿನ ಗೆರೆ, ರೆಪ್ಪೆಯ ಕಪ್ಪು ಗೆರೆ, ಹಣೆಯ ಕುಂಕುಮದ ಅಂಚು, ಈ ಮೂರಕ್ಕೆ ಮಾತ್ರ ಒಪಾಸಿಟಿ 15ರಲ್ಲಿ ಒಂದೊಂದು ಗೀಟು. ಅದಕ್ಕಿಂತ ಹೆಚ್ಚು ಬೇಡ. ಮುಂದೆ ಮೊರದ ಅಂಚಿನ ಬಿದಿರು ಕಡ್ಡಿಗಳು ಬೆರಳಿಗಿಂತ ಜೋರಾಗಿ ಕೂಗುತ್ತಿವೆ. ಅಲ್ಲಿ ಕಪ್ಪು ಬಳಿದು ಸುಮ್ಮನಾಗಿಸಿ. ಒಂದು ಕಡೆ ಶಾರ್ಪ್ ಮಾಡುವುದೂ ಇನ್ನೊಂದು ಕಡೆ ಸುಮ್ಮನಾಗಿಸುವುದೂ ಕಣ್ಣಿಗೆ ಒಂದೇ ಲೆಕ್ಕ.

ಜಗಲಿಕಟ್ಟೆ, ಮಂಗಳವಾರ ಬೆಳಿಗ್ಗೆ 8:15

ಮನೆಯಲ್ಲಿ "ಮುಖ ಸರಿಯಾಗಿ ಕಾಣುವುದಿಲ್ಲ" ಎಂದು ರಾಗ ತೆಗೆಯುತ್ತಾರೆ ಮೇಡಂ. ದೊಡ್ಡಪ್ಪನಿಗೆ ಪಾಸ್‌ಪೋರ್ಟ್ ಫೋಟೋದ ಹಾಗಿರಬೇಕು.

ಕತ್ತಲಕೋಣೆ, ಮಂಗಳವಾರ ಬೆಳಿಗ್ಗೆ 8:30

ದೊಡ್ಡಪ್ಪನಿಗೆ ಬೇರೆ ಫೋಟೋ ತೆಗೆದುಕೊಡಿ. ಎಫ್ 5.6 ಇಟ್ಟು, ಆಗ ಫೋಕಸ್ ಹಿಡಿಯುವ ಆಳ ಹೆಚ್ಚುತ್ತದೆ.

ಪ್ರಿಂಟಿನ ಬಗ್ಗೆ ಒಂದು ಲೆಕ್ಕ. ನಿಮ್ಮ ಫೈಲ್ 6000x4000 ಇರಬೇಕು. 12x18ಕ್ಕೆ ಹಾಕಿದರೆ ಇಂಚಿಗೆ 333 ಪಿಕ್ಸೆಲ್. ಮಾನಿಟರ್ ಮೇಲೆ ಇಂಚಿಗೆ ನೂರರ ಆಸುಪಾಸು. ಹಾಗಾಗಿ ಶೇ. 100ರಲ್ಲಿ ನೋಡುವಾಗ ನಿಮಗೆ ಕಾಣುವುದು ಪ್ರಿಂಟಿನ ಮೂರು ಪಟ್ಟಿಗಿಂತ ದೊಡ್ಡದು. ಅಲ್ಲಿ ಹದವಾಗಿ ಕಂಡದ್ದು ಕಾಗದದ ಮೇಲೆ ಸಪ್ಪೆಯಾಗುತ್ತದೆ. ಕಾಗದವೂ ತನ್ನ ಪಾಲಿನ ಮೆತ್ತಗನ್ನು ಸೇರಿಸುತ್ತದೆ. ಬೆರಳು ಮತ್ತು ಮೊಗ್ಗು ಮಾನಿಟರಿನಲ್ಲಿ ಒಂದು ಗುಲಗಂಜಿಯಷ್ಟು ಜಾಸ್ತಿಯಾಯಿತು ಎನಿಸುವಂತೆ ಇಡಿ. ವಾಟ್ಸ್‌ಆ್ಯಪ್‌ಗೆ ಕಳಿಸುವ ಪ್ರತಿಯನ್ನು ಬೇರೆಯಾಗಿಯೇ ಮಾಡಿ: ಮೊದಲು ಚಿಕ್ಕದು ಮಾಡಿ, ಚಿಕ್ಕದಾದ ಮೇಲೆ ರೇಡಿಯಸ್ ಅರ್ಧಕ್ಕಿಳಿಸಿ ಸಾಣೆ ಹಿಡಿಯಿರಿ. ದೊಡ್ಡದರಲ್ಲಿ ಹಿಡಿದ ಸಾಣೆ ಚಿಕ್ಕದಾಗುವಾಗ ಅರ್ಧಕ್ಕರ್ಧ ಸವೆದುಹೋಗುತ್ತದೆ.

ಪೂರ್ತಿ 12x18 ಹಾಕಿಸುವ ಮೊದಲು ಕೈಗಳ ಭಾಗವನ್ನಷ್ಟೇ ಕತ್ತರಿಸಿ, ಇಂಚಿಗೆ ಅದೇ 333 ಪಿಕ್ಸೆಲ್ ಇರುವಂತೆ, ಒಂದು 4x6 ಹಾಕಿಸಿ ನೋಡಿ. ಖರ್ಚು ಒಂದು ಕಾಫಿಯಷ್ಟೂ ಆಗುವುದಿಲ್ಲ.

ಜಗಲಿಕಟ್ಟೆ, ಹನ್ನೆರಡು ದಿನಗಳ ನಂತರ, ಭಾನುವಾರ ಸಂಜೆ 6:40

ಮುಗಿಯಿತು! ನಡೆದದ್ದನ್ನು ಹೇಳಿಬಿಡುತ್ತೇನೆ.

ಕತ್ತಲಕೋಣೆಯವರು ಹೇಳಿದ 4x6 ಪರೀಕ್ಷೆ ನನ್ನನ್ನು ಕಾಪಾಡಿತು. ಮನೆಯ ಹತ್ತಿರದ ಒಂದು ಲ್ಯಾಬಿಗೆ ಕೊಟ್ಟೆ. ಬಂದ ಪ್ರಿಂಟ್ ನೋಡಿದರೆ ನಾನು ಬಳಿದ ಮಾಸ್ಕ್‌ಗೆ ಬೆಲೆಯೇ ಇಲ್ಲ, ಮೊರ, ಗೋಡೆ, ಸೀರೆ ಎಲ್ಲವೂ ಮತ್ತೆ ರವೆರವೆ. ಕೇಳಿದರೆ "ಎಲ್ಲದಕ್ಕೂ ನಾವೇ ಕರೆಕ್ಷನ್ ಹಾಕುತ್ತೇವೆ ಸರ್, ಚೆನ್ನಾಗಿ ಬರುತ್ತದೆ" ಎಂದರು. ಅವರ ಯಂತ್ರ ತಾನಾಗಿಯೇ ಇಡೀ ಫೋಟೋಗೆ ಸಾಣೆ ಹಿಡಿಯುತ್ತದಂತೆ. "ಕರೆಕ್ಷನ್ ಬೇಡ, ಇದ್ದ ಹಾಗೆ ಹಾಕಿ" ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿದೆ. ಎರಡನೆಯ ಸಲ ನಾನು ಕಳಿಸಿದ್ದೇ ಬಂತು. ಪ್ರಿಂಟ್ ಮಾಡಿಸುವವರು ಈ ಮಾತನ್ನು ನೆನಪಿಟ್ಟುಕೊಳ್ಳಿ, ನಾನಾಗಿ ಕೇಳದಿದ್ದರೆ ಅವರು ಹೇಳುತ್ತಿರಲಿಲ್ಲ.

ಪದರುಪದರು ಮೇಡಂ ಹೇಳಿದಂತೆ ಕಣ್ಣಿನ ಜೊತೆ ಜಗಳ ಬಿಟ್ಟೆ. ದೊಡ್ಡಪ್ಪ ಕಟ್ಟು ಬಿಚ್ಚಿದಾಗ ಏನೂ ಹೇಳಲಿಲ್ಲ, ಆದರೆ ಊಟವಾದ ಮೇಲೆ ಎರಡು ಸಲ ಅದರ ಮುಂದೆ ಹೋಗಿ ನಿಂತದ್ದನ್ನು ನೋಡಿದೆ.

ಅಜ್ಜಿಗೆ ಪಟವನ್ನು ತೊಡೆಯ ಮೇಲಿಟ್ಟು ತೋರಿಸಿದೆವು. ಮುಖದ ಕಡೆ ನೋಡಲೇ ಇಲ್ಲ. ಕನ್ನಡಕ ಏರಿಸಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ಹೂಮಾಲೆಯ ಮೇಲೆ ಬೆರಳಾಡಿಸುತ್ತಾ ಗಂಟು ಗಂಟನ್ನೂ ನೋಡುತ್ತಾ ಬಂದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಕೊನೆಗೆ ಒಂದು ಕಡೆ ಬೆರಳು ನಿಲ್ಲಿಸಿ, ನನ್ನ ಕಡೆ ತಿರುಗಿ ಹೇಳಿದರು:

"ಇಲ್ಲಿ ನೋಡು, ಈ ಗಂಟಿಗೆ ಮೂರೇ ಮೊಗ್ಗು ಬಿದ್ದಿದೆ. ನೀನು ಆವತ್ತು ಮಾತನಾಡಿಸುತ್ತಾ ಕುಳಿತಿದ್ದೆಯಲ್ಲ, ಅದಕ್ಕೇ."